ಮೈಕಿಗೆ ಮೂರು ಮಾರು ದೂರದ ಮಾದಪ್ಪನವರು

ಮಾದಪ್ಪನವರನ್ನು ಮೈಕಿನಿಂದ ಮೂರು ಮಾರು ದೂರ ನಿಲ್ಲಿಸಬೇಕಾಗಿತ್ತು. ಹತ್ತಿರ ಬಂದರೆ ಮೈಕು ಕಿರುಚಿಕೊಳ್ಳುತ್ತಿತ್ತು, ಕಂಬದ ಮೇಲಿನ ಹಾರ್ನುಗಳಿಂದ ಕಾಗೆಗಳು ಎದ್ದು ಹಾರಿಹೋಗುತ್ತಿದ್ದವು, ಮೈಕ್‌ಸೆಟ್ಟಿನ ಮಾಲೀಕ ತಲೆಯ ಮೇಲೆ ಕೈ ಹೊತ್ತುಕೊಂಡು ಓಡಿಬರುತ್ತಿದ್ದ. ಕೊನೆಗೆ ಅವನೇ ಒಂದು ಸಂಜೆ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ಸ್ವಾಮೀ ಈ ಗೆರೆ ದಾಟಬೇಡಿ, ನನ್ನ ಹೆಂಡತಿ ಮಕ್ಕಳು ಈ ಪೆಟ್ಟಿಗೆಯ ಮೇಲೆಯೇ ಬದುಕಿರುವುದು ಎಂದು ಕೈಮುಗಿದ. ಮಾದಪ್ಪನವರು ಗೆರೆಯನ್ನು ಒಂದು ಸಲ, ಮೈಕನ್ನು ಒಂದು ಸಲ ನೋಡಿ, "ನಾನಿದ್ನಲ್ಲಪ್ಪ, ಈ ಗೂಟ ಯಾಕ್ ಬೇಕಿತ್ತು?" ಎಂದರು. ಅಂದಿನಿಂದ ಮೈಕಿಗೆ ಗೂಟ ಎಂದೇ ಹೆಸರಾಯಿತು.

ಆ ಗಂಟಲಿನ ಯಜಮಾನರು ನೋಡುವುದಕ್ಕೆ ಏನೇನೂ ಇರಲಿಲ್ಲ. ಗಿಡ್ಡ ಆಳು, ಪೀಚು ಮೈ, ಹಣೆ ತುಂಬ ವಿಭೂತಿ, ಎತ್ತಿ ಕಟ್ಟಿದ ಪಂಚೆ, ಅದರ ಮೇಲೆ ಇನ್ಯಾರದೋ ಅಳತೆಗೆ ಹೊಲಿಸಿದ್ದೆಂದು ನೋಡಿದ ಕೂಡಲೇ ಗೊತ್ತಾಗುತ್ತಿದ್ದ ಕರಿ ಕೋಟು. ಇಷ್ಟು ಸಣ್ಣ ಮನುಷ್ಯನಲ್ಲಿ ಅಷ್ಟು ದೊಡ್ಡ ಧ್ವನಿ ಎಲ್ಲಿ ಹಿಡಿಸುತ್ತದೆ ಎಂದು ನಾನು ಮೊದಮೊದಲು ಅವರ ಬೆನ್ನ ಹಿಂದೆ ಹೋಗಿ ನೋಡುತ್ತಿದ್ದೆ. ಮೈಸೂರಿನ ಮಂಡಿ ಮೊಹಲ್ಲಾದ ಬೆಲ್ಲದ ಮಂಡಿಯಲ್ಲಿ ಹರಾಜು ಕೂಗುವುದು ಅವರ ಕಸುಬು. ಬೆಳಿಗ್ಗೆ ಗಾಡಿಗಳು ಬಂದು ನಿಂತ ಮೇಲೆ ಬೆಲ್ಲದ ರಾಶಿಯ ಮೇಲೆ ಕೈಯಿಟ್ಟು ಅವರು ಕೂಗಲು ಶುರುಮಾಡಿದರೆ, ಆಚೆ ಬೀದಿಯ ವ್ಯಾಪಾರಿಗಳು ತಮ್ಮ ಗಾದಿಯ ಮೇಲೆ ಕೂತಲ್ಲಿಂದಲೇ ಸವಾಲು ಹಾಕುತ್ತಿದ್ದರಂತೆ. ಕೋಟಿನ ಜೇಬಿನಲ್ಲಿ ಯಾವಾಗಲೂ ನಾಲ್ಕಾರು ಚೂರು ಬೆಲ್ಲ ಇರುತ್ತಿತ್ತು. ಬೆಲ್ಲದ ಹಿಂದೆ ಇರುವೆಗಳೂ ಇರುತ್ತಿದ್ದವು. ಮಾತಿನ ನಡುವೆ ಇದ್ದಕ್ಕಿದ್ದಂತೆ ಪಕ್ಕೆ ಕೆರೆದುಕೊಳ್ಳುವುದು ಅವರ ಅಭ್ಯಾಸಗಳಲ್ಲಿ ಒಂದು.

ನಾನು ಅವರ ಕೈಕೆಳಗೆ ಬಿದ್ದದ್ದು ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ. ಪಿ.ಯು.ಸಿ. ಪರೀಕ್ಷೆ ಮುಗಿಸಿ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಮಾವಿನಕಾಯಿ ಹೆಚ್ಚುತ್ತ ಕೂತಿದ್ದೆ. ನಮ್ಮ ಬಡಾವಣೆಯ ಸಂಘದವರು ಒಂದು ವಾಚನಾಲಯ ಕಟ್ಟಿಸಬೇಕೆಂದು ಮೈದಾನದಲ್ಲಿ ಹತ್ತು ಸಂಜೆಗಳ ಮೇಳ ಏರ್ಪಡಿಸಿದ್ದರು. ಕಸೂತಿ, ತರಕಾರಿ ಪ್ರದರ್ಶನ, ಮಕ್ಕಳ ನಾಟಕ, ನಾಲ್ಕು ತೊಟ್ಟಿಲಿನ ಮರದ ರಾಟೆ, ಬೋಂಡದ ಅಂಗಡಿ, ಎಲ್ಲ ಇತ್ತು. ಸಂಘದ ಕಾರ್ಯದರ್ಶಿಗಳು ನಮ್ಮ ಎದುರುಮನೆಯವರು, ನಿವೃತ್ತ ಹೆಡ್‌ಮಾಸ್ಟರು, ಬಾಯಿ ತೆರೆದರೆ ಪಠ್ಯಪುಸ್ತಕ. ವಿದ್ಯಾರ್ಥಿಗಳು ರಜೆಯನ್ನು ವ್ಯರ್ಥ ಮಾಡದೆ ಲೋಕವ್ಯವಹಾರ ಕಲಿಯಬೇಕು ಎಂಬುದು ಅವರ ಸಿದ್ಧಾಂತ. ಅದರ ಪ್ರಕಾರ ನನ್ನನ್ನು ಮೇಳದ ಪ್ರಚಾರ ಸಹಾಯಕಿಯಾಗಿ ನೇಮಿಸಿದರು. ಸಂಬಳವಿಲ್ಲ, ಕೊನೆಯಲ್ಲಿ ಒಂದು ಸರ್ಟಿಫಿಕೇಟು. ಕರಪತ್ರ ಬರೆಯುವುದು, ಬೋರ್ಡು ಬರೆಯುವುದು, ಮುಖ್ಯವಾಗಿ ಪ್ರಕಟಣೆಗಳನ್ನು ಶುದ್ಧ ಕನ್ನಡದಲ್ಲಿ ಚೀಟಿಯ ಮೇಲೆ ಬರೆದು, ಮೇಳದಲ್ಲಿ ಕೂಗಲು ಸಂಘದವರು ಗೊತ್ತುಮಾಡಿದ್ದ ಮಾದಪ್ಪನವರ ಕೈಗೆ ಕೊಟ್ಟು, ಅವರು ಅದನ್ನು ಹಾಗೆಯೇ ಓದುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಈ ಕೊನೆಯ ಕೆಲಸವನ್ನು ಯಾರಿಂದಲೂ ಮಾಡಲು ಸಾಧ್ಯವಿರಲಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು.

ಅಪ್ಪ ಒಂದು ಷರತ್ತಿನ ಮೇಲೆ ಒಪ್ಪಿದರು. ಅವರು ಗುಮಾಸ್ತರು, ಮರ್ಯಾದೆಗೆ ಹೆದರಿ ಬದುಕಿದವರು. "ಕೈಯಲ್ಲಿ ಎಷ್ಟು ಬೇಕಾದ್ರೂ ಬರಿ. ನಿನ್ನ ಧ್ವನಿ ಮಾತ್ರ ಬೀದಿಗೆ ಕೇಳಿಸಕೂಡದು" ಎಂದರು. ಅದಕ್ಕೆ ಕಾರಣವಿತ್ತು. ಮಂಡಿ ಮೊಹಲ್ಲಾದ ಒಬ್ಬ ಸಾಹುಕಾರರ ಮನೆಯಿಂದ ನನಗೆ ಸಂಬಂಧ ಬಂದಿತ್ತು. ಹುಡುಗನನ್ನು ನಾನು ನೋಡಿರಲಿಲ್ಲ, ಕೆಟ್ಟವನೇನೂ ಇರಲಾರ. ಅವರ ಮನೆಯವರು ಕೇಳಿದ್ದು ಒಂದೇ, ಮಾತು ಕಮ್ಮಿ ಇರುವ ಹುಡುಗಿ ಬೇಕು. ನಮ್ಮ ಮಗಳು ಮನೆಯಲ್ಲಿದ್ದಾಳೋ ಇಲ್ಲವೋ ಎಂದು ನಮಗೇ ತಿಳಿಯುವುದಿಲ್ಲ ಎಂದು ಅಪ್ಪ ಹೇಳಿ ಬಂದಿದ್ದರು. ಇದು ಅಪ್ಪಟ ಸುಳ್ಳು. ಮೇಳದ ಕೊನೆಯ ದಿನ ಸಾಹುಕಾರ ದಂಪತಿಗಳು ಬಂದು, ನಾನು ತಲೆ ಬಗ್ಗಿಸಿ ಬರೆಯುತ್ತ ಕೂತಿರುವುದನ್ನು ನೋಡಿಕೊಂಡು ಹೋಗುವುದೆಂದು ಮಾತಾಗಿತ್ತು. ಒಪ್ಪಿದರೆ ಜೂನಿನಲ್ಲಿ ಲಗ್ನ, ಒಪ್ಪದಿದ್ದರೆ ಜೂನಿನಲ್ಲಿ ಬಿ.ಎ. ನನಗೆ ಬಿ.ಎ. ಓದಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಅದನ್ನು ಅಪ್ಪನ ಮುಂದೆ ಹೇಳಲು ಹೋದಾಗಲೆಲ್ಲ ಬಾಯಿ ಒಣಗುತ್ತಿತ್ತು.

ಮೊದಲ ಸಂಜೆಯೇ ನನ್ನ ಶುದ್ಧ ಕನ್ನಡದ ಗತಿ ಗೊತ್ತಾಯಿತು. "ಸಂಘದ ಆಶ್ರಯದಲ್ಲಿ ಏರ್ಪಡಿಸಲಾಗಿರುವ ಮಹಿಳಾ ಹಸ್ತಕೌಶಲ ಪ್ರದರ್ಶನವನ್ನು ಸಾರ್ವಜನಿಕರು ವೀಕ್ಷಿಸಿ ಪ್ರೋತ್ಸಾಹಿಸಬೇಕಾಗಿ ವಿನಂತಿ" ಎಂದು ಮುತ್ತು ಪೋಣಿಸಿದ ಹಾಗೆ ಬರೆದು ಕೊಟ್ಟೆ. ಮಾದಪ್ಪನವರು ಚೀಟಿಯನ್ನು ಕಣ್ಣಿಗೊತ್ತಿಕೊಂಡರು, ಒಂದಕ್ಷರ ಬಿಡದೆ ಓದಿದರು, ಮಡಿಸಿ ಬೆಲ್ಲದ ಜೇಬಿಗೆ ಹಾಕಿದರು, ಗೂಟದ ಕಡೆ ತಿರುಗಿದರು. "ಕಸೂತಿ ಇಟ್ಟವ್ರೆ ಕಣ್ರಪ್ಪ. ನಿಮ್ಮ ಮನೆಯೋರು ಮಾಡಿರೋದೂ ಅದ್ರೊಳಗೆ ಐತೆ. ನೋಡ್ದೆ ಮನೆಗೋಗಿ ಚೆನ್ನಾಗಿತ್ತು ಅಂದ್ಬುಟ್ರೆ, ಯಾವ ಬಣ್ಣ ಅಂತ ಕೇಳ್ತಾರೆ. ಯೋಚ್ನೆ ಮಾಡಿ." ಹತ್ತು ನಿಮಿಷದಲ್ಲಿ ಕಸೂತಿ ಡೇರೆಯ ಮುಂದೆ ಗಂಡಸರ ಸಾಲು. ಕಾರ್ಯದರ್ಶಿಗಳು ಬಂದು ನನ್ನನ್ನು ದುರುಗುಟ್ಟಿ ನೋಡಿದರು. ನಾನು ಮಾದಪ್ಪನವರನ್ನು ನೋಡಿದೆ. ಅವರು ಪಕ್ಕೆ ಕೆರೆದುಕೊಳ್ಳುತ್ತಿದ್ದರು.

ಚೀಟಿ ಓದಿದರೆ ಏನು ನಷ್ಟ ಎಂದು ನಾನು ಮುನಿಸಿಕೊಂಡು ಕೇಳಿದೆ. ನಿನ್ನ ಬರವಣಿಗೆ ಬಲು ಚಂದ, ಗೋಡೆಗೆ ಹಾಕಿಸಿಕೊಳ್ಳುವಂತಿದೆ, ಆದರೆ ಅದರಲ್ಲಿ ಜನ ಇಲ್ಲ ಎಂದರು. ಜನ ಎಲ್ಲಿದ್ದಾರೆ ಎಂದು ನೋಡದೆ ಬೆಲ್ಲದ ಸವಾಲು ಕೂಗಿದರೆ ಸಂಜೆಯ ತನಕ ಬೆಲ್ಲವೂ ಅಲ್ಲೇ, ಕೂಗುವವನೂ ಅಲ್ಲೇ. ಆಮೇಲೆ ಕೂಗುವ ವಿದ್ಯೆಯ ಮೊದಲ ಪಾಠ ಹೇಳಿಕೊಟ್ಟರು: "ಮುಂದೆ ನಿಂತವ್ನಿಗೆ ಏಳ್ಬೇಡ ಕಣವ್ವ. ಅವ್ನು ಎಂಗಿದ್ರೂ ಬಂದವ್ನೆ. ಆ ಕಡೇ ಮೂಲೇಲಿ ಕಡ್ಲೇಕಾಯಿ ಬಿಡುಸ್ಕೊಂಡು ಕುಂತವ್ನಲ್ಲ ಮುದ್ಕ, ಅವ್ನು ತಲೆ ಎತ್ಬೇಕು. ಅವ್ನ್ ನೋಡ್ಕಂಡು ಏಳು." ನನಗೆ ಮೈಕಿನಲ್ಲಿ ಮಾತಾಡಲು ಅಪ್ಪಣೆಯಿಲ್ಲ ಎಂದೆ. ಗಂಟಲಿಗೆ ಯಾರ ಅಪ್ಪಣೆ ಬೇಕು, ಅದು ಹುಟ್ಟುವಾಗಲೇ ಕೂಗಿಕೊಂಡು ಬಂದಿದೆ ಎಂದರು.

ಎರಡನೆಯ ದಿನ ಜಟಕಾಗಾಡಿಗೆ ಹಾರ್ನು ಕಟ್ಟಿಕೊಂಡು ಕರಪತ್ರ ಹಂಚಲು ಹೋದರು. ನಾನು ಮನೆಯ ಜಗಲಿಯ ಮೇಲಿದ್ದೆ. ಗಾಡಿ ನಮ್ಮ ರಸ್ತೆಗೆ ತಿರುಗಿತು. "ಸರಸ್ವತಿಪುರದ ಮಾಜನಗಳೇ, ಇನ್ನೂ ಮನೇಲೇ ಇದ್ದೀರಾ? ಮಂಡಿ ಮೊಹಲ್ಲಾದೋರು ಬಂದು ಒಳ್ಳೊಳ್ಳೇದ್ನೆಲ್ಲ ಆರಿಸ್ಕೊಂಡು ಓಗ್ತಾವ್ರೆ" ಎಂದು ಸಾರುತ್ತ ಹೋಯಿತು. ಅಮ್ಮ ಸೌಟು ಕೈಯಲ್ಲಿ ಹಿಡಿದೇ ಹೊರಗೆ ಬಂದಳು. ಅಪ್ಪ ಪೇಪರು ಮಡಿಸಿಟ್ಟು, ನಮ್ಮ ಬಡಾವಣೆಯ ಮೇಳಕ್ಕೆ ಅವರಿಗೇನು ಕೆಲಸ ಎಂದು ಗೊಣಗುತ್ತ ಚಪ್ಪಲಿ ಹುಡುಕಿದರು. ಅದೇ ಗಾಡಿ ಒಂದು ಗಂಟೆಯ ಹಿಂದೆ ಮಂಡಿ ಮೊಹಲ್ಲಾದಲ್ಲಿ, ಸರಸ್ವತಿಪುರದ ಆಫೀಸರುಗಳೆಲ್ಲ ಕುಟುಂಬ ಸಮೇತ ಬಂದು ಮುಗಿಸಿಬಿಡುತ್ತಿದ್ದಾರೆ ಎಂದು ಸಾರಿ ಬಂದಿತ್ತಂತೆ. ಆ ಸಂಜೆ ಎರಡು ಬಡಾವಣೆಯವರೂ ಗೇಟಿನಲ್ಲಿ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತ ಒಟ್ಟಿಗೇ ಒಳಗೆ ನುಗ್ಗಿದರು. ಇದು ಸುಳ್ಳಲ್ಲವೇ ಎಂದು ನಾನು ಕೇಳಿದೆ. ಸುಳ್ಳು ಹೇಳಿದಾಗ ಸುಳ್ಳಾಗಿತ್ತು, ಈಗ ನಿಜವಾಗಿದೆ, ನೀನೇ ಹೋಗಿ ನೋಡು ಎಂದರು.

ಮೇಳ ಎಂದ ಮೇಲೆ ಮಕ್ಕಳು ಕಳೆದುಹೋಗುತ್ತಾರೆ. ಮಾದಪ್ಪನವರ ಲೆಕ್ಕದಲ್ಲಿ ಮಕ್ಕಳು ಎಂದೂ ಕಳೆದುಹೋಗುತ್ತಿರಲಿಲ್ಲ, ಅಪ್ಪ ಅಮ್ಮಂದಿರೇ ಕಳೆದುಹೋಗುತ್ತಿದ್ದರು. ಅಳುತ್ತ ಬಂದ ಮಗುವನ್ನು ಬೆಂಚಿನ ಮೇಲೆ ಕೂರಿಸಿ, ಬಾಯಿಗೆ ಒಂದು ಚೂರು ಬೆಲ್ಲ ಇಟ್ಟು, ಇರುವೆ ಇದೆಯೇ ಎಂದು ಆಮೇಲೆ ನೋಡಿ, ಪ್ರಕಟಣೆ ಮಾಡುತ್ತಿದ್ದರು. "ಕೆಂಪು ಲಂಗದ ಕಮಲಮ್ಮನೋರು ಪ್ರಚಾರದ ಡೇರೆಯಲ್ಲಿ ಆರಾಮಾಗಿ ಕುಂತವ್ರೆ. ಅವರಪ್ಪ ತಪ್ಪಿಸ್ಕೊಂಡವ್ರೆ. ಪಾಪ, ಎಲ್ಲಿ ಅಳ್ತಾ ನಿಂತವ್ರೋ. ಕಂಡೋರು ಕೈ ಹಿಡ್ಕೊಂಡು ಕರ್ಕೊಂಡ್ ಬನ್ನಿ. ಬಯ್ಬೇಡಿ, ಎದ್ರುಸ್ಬೇಡಿ. ಇಲ್ಲಿ ಬೆಲ್ಲ ಕೊಡ್ತೀವಿ." ಕಮಲಮ್ಮನೋರಿಗೆ ನಾಲ್ಕು ವರ್ಷ. ಅಳು ನಿಲ್ಲಿಸಿ, ಅಪ್ಪನ ಮೇಲೆ ಕನಿಕರಪಟ್ಟುಕೊಂಡು, ತನ್ನ ಬೆಲ್ಲದಲ್ಲಿ ಸ್ವಲ್ಪ ಅಪ್ಪನಿಗೆಂದು ಉಳಿಸಿಕೊಂಡಳು. ಅವರಪ್ಪ ಓಡಿಬಂದಾಗ ಸುತ್ತಲಿನ ಜನ ಸಿಕ್ಕಿದರು ಸಿಕ್ಕಿದರು ಎಂದು ಚಪ್ಪಾಳೆ ತಟ್ಟಿದರು. ಆತ ನಾಚಿಕೆಯಿಂದ ಬೆಲ್ಲ ತಿಂದರು.

ಇದಕ್ಕಿಂತ ಕಷ್ಟದ್ದು ಹೆಂಗಸರ ಕೇಸು. ಗಂಡನಿಂದ ತಪ್ಪಿಸಿಕೊಂಡವರು ಡೇರೆಗೆ ಬಂದು ನಿಲ್ಲುತ್ತಿದ್ದರು, ಆದರೆ ಆ ಕಾಲದಲ್ಲಿ ಯಾವ ಹೆಂಗಸು ಗಂಡನ ಹೆಸರು ಹೇಳುತ್ತಾಳೆ? ಯಾರು ಬೇಕಮ್ಮ ಎಂದರೆ ನಮ್ಮನೆಯವರು ಎನ್ನುವರು. ನಮ್ಮನೆಯವರೇ ಬನ್ನಿ ಎಂದು ಕೂಗಿದರೆ ಮೇಳವೇ ಎದ್ದು ಬರುತ್ತದೆ. ಅದಕ್ಕೆ ಮಾದಪ್ಪನವರು ಒಂದು ಉಪಾಯ ಮಾಡಿದ್ದರು. ಬಟ್ಟೆ ಅಂಗಡಿ, ಊದುಬತ್ತಿ ಅಂಗಡಿಗಳ ಹಳೆಯ ಕ್ಯಾಲೆಂಡರುಗಳನ್ನೆಲ್ಲ ತಂದು ಡೇರೆಯ ಒಳಗೆ ಸಾಲಾಗಿ ನೇತುಹಾಕಿದ್ದರು. ರಾಮ, ಕೃಷ್ಣ, ಶಿವ, ಸುಬ್ರಹ್ಮಣ್ಯ, ನರಸಿಂಹ, ಎಲ್ಲರೂ ಹಾಜರು. ಹೆಂಗಸರು ಬಂದು ನಾಚಿಕೊಂಡು ಒಂದು ದೇವರಿಗೆ ಬೆರಳು ತೋರಿಸಿದರೆ ಸಾಕು, ಮಾದಪ್ಪನವರು ಕೂಗುವರು. ನನಗೆ ಇದು ಬಹಳ ಹಿಡಿಸಿತು. ಇಂಥ ಕಚೇರಿ ಇನ್ನೆಲ್ಲೂ ಇರಲಿಕ್ಕಿಲ್ಲ.

ಒಂದು ಸಲ ಮಾತ್ರ ಎಡವಟ್ಟಾಯಿತು. ಒಬ್ಬ ಹೊಸ ಹುಡುಗಿ, ಕೈತುಂಬ ಹಸಿರು ಬಳೆಯವಳು, ಕೊಳಲೂದುವ ಕೃಷ್ಣನನ್ನು ತೋರಿಸಿದಳು. "ಕೃಷ್ಣಪ್ಪನೋರೇ, ನಿಮ್ಮನೆಯೋರು ಕಾಯ್ತಾವ್ರೆ, ಬೇಗ್ ಬನ್ನಿ" ಎಂದು ಕೂಗಿದ್ದೇ ತಡ, ಐದಾರು ಜನ ಕೃಷ್ಣಪ್ಪಂದಿರು ಓಡಿಬಂದರು. ಒಬ್ಬೊಬ್ಬರ ಹಿಂದೆಯೂ ಒಬ್ಬೊಬ್ಬ ಹೆಂಡತಿ. ನಾನು ನಿಮ್ಮ ಪಕ್ಕದಲ್ಲೇ ಇದ್ದೇನಲ್ಲ, ಇಲ್ಲಿ ಕಾಯುತ್ತಿರುವವಳು ಯಾರು ಎಂದು ಅವರೆಲ್ಲ ಒಟ್ಟಿಗೆ ಕೇಳಿದರು. ಹಸಿರು ಬಳೆಯವಳು ಒಬ್ಬೊಬ್ಬರನ್ನೇ ನೋಡಿ ತಲೆಯಾಡಿಸುತ್ತ ಅಳುವುದಕ್ಕೆ ಶುರುಮಾಡಿದಳು. ಅವಳ ಗಂಡ ಗೋಪಾಲ, ಪಕ್ಕದ ಅಂಗಡಿಯಲ್ಲಿ ಮಜ್ಜಿಗೆ ಕುಡಿಯುತ್ತ ನಿಂತು ಈ ತಮಾಷೆಯನ್ನೆಲ್ಲ ನೋಡುತ್ತಿದ್ದ. ಅಂದಿನಿಂದ ಮಾದಪ್ಪನವರು ದೇವರನ್ನು ತೋರಿಸಿದ ಮೇಲೂ ಎರಡು ಪ್ರಶ್ನೆ ಹೆಚ್ಚಾಗಿ ಕೇಳಿ, ಊರು ಕಸುಬು ತಿಳಿದುಕೊಂಡೇ ಕೂಗುತ್ತಿದ್ದರು. ನನಗೂ ಅದನ್ನೇ ಹೇಳಿಕೊಟ್ಟರು.

ಒಂಬತ್ತನೆಯ ಸಂಜೆ ನಾನು ಒಂದೇ ಚೀಟಿಯನ್ನು ಮೂರು ಸಲ ಬರೆದೆ. ಮಾದಪ್ಪನವರು ಎಲೆ ಅಡಿಕೆ ಹಾಕಿಕೊಳ್ಳುತ್ತ ನೋಡುತ್ತಿದ್ದವರು, ಏನು ಸಮಾಚಾರ ಎಂದು ಕೇಳಿದರು. ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ನಾಳೆ ನೋಡಲು ಬರುತ್ತಾರೆ, ಒಪ್ಪಿದರೆ ಓದು ಮುಗಿಯಿತು. ಯಾವ ಸಾಹುಕಾರರು ಎಂದರು. ಬೆಲ್ಲದ ಮಂಡಿಯ ನಂಜುಂಡಪ್ಪನವರಂತೆ ಎಂದೆ. ಅವರ ಬಾಯಿಯಲ್ಲಿ ಎಲೆ ನಿಂತಿತು.

"ನಾನು ಕೂಗೋದೇ ಅವರ ಅಂಗಡಿ ಮುಂದೆ ಕಣವ್ವ" ಎಂದರು. ಎಲೆಯನ್ನು ದವಡೆಗೆ ನೂಕಿ, "ಒಳ್ಳೇ ಜನ. ತೆಗ್ದಾಕಂಗಿಲ್ಲ. ಆದ್ರೆ ಆ ಮನೇಲಿ ಗಡಿಯಾರ ಬುಟ್ರೆ ಬ್ಯಾರೆ ಯಾರೂ ಮಾತಾಡಲ್ಲ" ಎಂದರು. ಓದಬೇಕು ಅಂತ ಅಪ್ಪನಿಗೆ ಹೇಳಿದೆಯಾ ಎಂದು ಕೇಳಿದರು. ಹೇಳಲು ಹೋದರೆ ಧ್ವನಿಯೇ ಬರುವುದಿಲ್ಲ ಎಂದೆ. "ಚೀಟೀಲಿ ಬತ್ತದೆ, ಬಾಯಲ್ಲಿ ಬರಲ್ಲ" ಎಂದು ತಲೆಯಾಡಿಸಿದರು. ಮತ್ತೆ ಆ ಮಾತು ಎತ್ತಲಿಲ್ಲ. ಅವರಿಗೆ ನನ್ನ ಕಷ್ಟ ಅರ್ಥವಾಗಲಿಲ್ಲ ಎಂದು ನನಗೆ ಬೇಜಾರಾಯಿತು.

ಕೊನೆಯ ಸಂಜೆ ಅಮ್ಮ ನನಗೆ ಮೈಸೂರು ರೇಷ್ಮೆ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ ಕಳಿಸಿದಳು. ಡೇರೆಯ ಮೇಜಿನ ಮುಂದೆ ತಲೆ ಬಗ್ಗಿಸಿ ಕೂತೆ. ಅಪ್ಪ ಸಾಹುಕಾರರನ್ನು ಎದುರುಗೊಳ್ಳಲು ಗೇಟಿನ ಬಳಿ ನಿಂತಿದ್ದರು. ಕಾರ್ಯದರ್ಶಿಗಳು ಅತಿಥಿಗಳಿಗೆ ತರಕಾರಿ ತೋರಿಸುತ್ತಿದ್ದರು. ಅಷ್ಟರಲ್ಲಿ ಮಾದಪ್ಪನವರು ಕೋಟು ಕೊಡವಿಕೊಂಡು ಎದ್ದರು. "ಒಂದ್ ಗಳಿಗೆ ಬಂದೆ ಕಣವ್ವ. ಗೂಟ ಬಾಯಿ ತಕ್ಕೊಂಡೇ ಇರ್ಲಿ. ಯಾರಾರ ಬಂದ್ರೆ ನೋಡ್ಕೋ" ಎಂದು ಹೊರಟೇಹೋದರು.

ಐದು ನಿಮಿಷವಾಗಿರಲಿಲ್ಲ, ಜರಿಯಂಚಿನ ಸೀರೆ ಉಟ್ಟ, ಒಡವೆ ಹಾಕಿಕೊಂಡ ಹಿರಿಯ ಹೆಂಗಸೊಬ್ಬರು ಗಾಬರಿಯಾಗಿ ಒಳಗೆ ಬಂದರು. ಬೇಗ ಬಂದು ಸುತ್ತಾಡುತ್ತಿದ್ದೆವು, ನಮ್ಮನೆಯವರು ಕಾಣುತ್ತಿಲ್ಲ, ಗೇಟಿನ ಕಡೆ ಹೋಗಬೇಕು, ಯಾರಿಗೋ ಮಾತು ಕೊಟ್ಟಿದ್ದೇವೆ, ಹೊತ್ತಾಯಿತು ಎಂದರು. ನಾನು ಕ್ಯಾಲೆಂಡರುಗಳ ಕಡೆ ತಿರುಗಿಸಿದೆ. ಶಿವನನ್ನು ತೋರಿಸಿದರು. ಶಿವಪ್ಪನವರೇ ಎಂದೆ, ಅಲ್ಲ. ಮಹದೇವಪ್ಪನವರೇ ಎಂದೆ, ಅದೂ ಅಲ್ಲ. ಆಕೆ ಬೆರಳನ್ನು ಮೇಲೆತ್ತಿ ಶಿವನ ನೀಲಿ ಕಂಠವನ್ನು ಮುಟ್ಟಿ ತೋರಿಸಿದರು. ನಂಜು ಉಂಡವನು. ಮೈಸೂರಿನವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಕೃಷ್ಣಪ್ಪಂದಿರ ನೆನಪಾಗಿ ಉಡುಪು ಕೇಳಿ ತಿಳಿದುಕೊಂಡೆ, ಆಮೇಲೆ ಊರು ಕಸುಬು ಕೇಳಿದೆ. ಬೆಲ್ಲದ ಮಂಡಿ ಎಂದರು.

ಎದುರಿಗೆ ನಿಂತಿರುವವರು ನನ್ನ ಅತ್ತೆಯಾಗಬಹುದಾದವರು, ಕಳೆದುಹೋಗಿರುವವರು ಮಾವ. ಆಕೆಗೆ ನಾನು ಯಾರೆಂದು ಗೊತ್ತಿಲ್ಲ. ನಾನು ಹೊರಗೆ ಓಡಿ ಕಾರ್ಯದರ್ಶಿಗಳನ್ನು ಕರೆಯಬಹುದಾಗಿತ್ತು, ಮಾದಪ್ಪನವರು ಬರುವವರೆಗೆ ಸುಮ್ಮನೆ ಕೂತಿರಬಹುದಾಗಿತ್ತು. ಸುಮ್ಮನೆ ಕೂತಿದ್ದರೆ ಒಪ್ಪಿಗೆಯಾಗುತ್ತಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಎದ್ದೆ. ಸುಣ್ಣದ ಗೆರೆ ದಾಟಿ ಗೂಟದ ಹತ್ತಿರ ನಿಂತೆ. ಮೈದಾನದ ಕೊನೆಯಲ್ಲಿ ಕಡಲೆಕಾಯಿಯ ಮುದುಕ ಕೂತಿದ್ದ.

"ಸಾರ್ವಜನಿಕರ ಗಮನಕ್ಕೆ. ಬೆಲ್ಲದ ಮಂಡಿಯ ಸಾಹುಕಾರ್ ನಂಜುಂಡಪ್ಪನವರು ತಪ್ಪಿಸಿಕೊಂಡಿದ್ದಾರೆ. ಜರಿ ಪೇಟ, ಕಂದು ಕೋಟು, ಕೈಯಲ್ಲಿ ಕೊಡೆ. ಅವರ ಮನೆಯವರು ಪ್ರಚಾರದ ಡೇರೆಯಲ್ಲಿ ಕ್ಷೇಮವಾಗಿದ್ದಾರೆ. ಸಾಹುಕಾರರನ್ನು ಕಂಡವರು ಕೈ ಹಿಡಿದು ಕರೆತನ್ನಿ. ಬಯ್ಯಬೇಡಿ, ಹೆದರಿಸಬೇಡಿ. ಇಲ್ಲಿ ಅವರಿಗೆ ಬೆಲ್ಲ ಕೊಡುತ್ತೇವೆ."

ಮುದುಕ ತಲೆ ಎತ್ತಿದ. ಅದನ್ನು ನೋಡಿ ನನಗೆ ಎಲ್ಲಿಲ್ಲದ ಹುಮ್ಮಸ್ಸು ಬಂದು, ಇನ್ನೂ ಎರಡು ಸಲ ಹೇಳಿದೆ. ಮೂರನೆಯ ಸಲ ನನ್ನ ಧ್ವನಿ ನನಗೇ ಬಹಳ ಇಷ್ಟವಾಯಿತು. ಆಗ ರಾಟೆಯ ಕಡೆಯಿಂದ ಮೈಕಿಲ್ಲದೆ ಇನ್ನೊಂದು ಧ್ವನಿ ಇಡೀ ಮೈದಾನಕ್ಕೆ ಕೇಳಿಸಿತು. "ಸಿಕ್ಕವ್ರೆ ಕಣವ್ವೋ. ಮೇಲವ್ರೆ." ಎಲ್ಲರೂ ಮೇಲೆ ನೋಡಿದರು. ರಾಟೆ ನಿಂತಿತ್ತು. ಎಲ್ಲಕ್ಕಿಂತ ಮೇಲಿನ ತೊಟ್ಟಿಲಿನಲ್ಲಿ ಸಾಹುಕಾರ್ ನಂಜುಂಡಪ್ಪನವರು ಕೊಡೆಯನ್ನು ಎದೆಗವಚಿಕೊಂಡು ಕೂತಿದ್ದರು. ಕೆಳಗೆ ಮಾದಪ್ಪನವರು ರಾಟೆಯವನ ಹೆಗಲ ಮೇಲೆ ಕೈಹಾಕಿಕೊಂಡು ಅವನ ಊರು ಕೇರಿ ವಿಚಾರಿಸುತ್ತಿದ್ದರು.

ಕೆಳಗಿಳಿದ ಸಾಹುಕಾರರನ್ನು ಇಬ್ಬರು ಅಪರಿಚಿತರು ಅಕ್ಷರಶಃ ಒಂದೊಂದು ಕೈ ಹಿಡಿದು, ಬಯ್ಯದೆ ಹೆದರಿಸದೆ ಡೇರೆಗೆ ತಂದು ಬಿಟ್ಟರು. ಮಾದಪ್ಪನವರೂ ಹಿಂದೆಯೇ ಬಂದರು. ಗೇಟಿನಿಂದ ಅಪ್ಪ ಓಡಿಬಂದರು. ಸಾಹುಕಾರರ ಹೆಂಡತಿ ನನ್ನನ್ನು ತೋರಿಸಿ, ಈ ಹುಡುಗಿ ಯಾರು ಎಂದು ಅಪ್ಪನನ್ನು ಕೇಳಿದರು. ನಮ್ಮ ಮಗಳು ಎಂದರು ಅಪ್ಪ, ತಪ್ಪೊಪ್ಪಿಕೊಂಡ ಹಾಗೆ. ಸಾಹುಕಾರರು ಪೇಟ ಸರಿಮಾಡಿಕೊಂಡರು. "ಇವನೇ, ನಮ್ಮ ಮಾದಪ್ಪನೇ, ಬೆಟ್ಟ ಚೆನ್ನಾಗಿ ಕಾಣುತ್ತೆ ಬನ್ನಿ ಅಂತ ಹತ್ತಿಸಿದ್ದು" ಎಂದು ನಿಧಾನವಾಗಿ ಹೇಳಿದರು. ಮಾದಪ್ಪನವರು ಬೆಟ್ಟದ ಕಡೆ ನೋಡುತ್ತ ನಿಂತಿದ್ದರು.

ಅಂದು ಕ್ಯಾಲೆಂಡರುಗಳನ್ನು ಬಿಚ್ಚುವಾಗ, ನೀವು ಬೇಕೆಂದೇ ಮಾಡಿದಿರಾ ಎಂದು ಕೇಳಿದೆ. "ನಾನೇನ್ ಮಾಡ್ದೆ ಕಣವ್ವ? ಸಾವ್ಕಾರ್ರು ಬೆಟ್ಟ ನೋಡುದ್ರು. ಕೂಗ್ದೋಳು ನೀನು, ಗಂಟ್ಲು ನಿಂದು" ಎಂದರು. ಅಷ್ಟೇ.

ಸಾಹುಕಾರರ ಮನೆಯವರು ಎರಡು ದಿನದಲ್ಲಿ ಹೇಳಿ ಕಳಿಸಿದರು. ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಮಾವನ ಹೆಸರನ್ನು ಮೂರು ಸಲ ಊರಿಗೆ ಸಾರಿದವಳನ್ನು ಮನೆ ತುಂಬಿಸಿಕೊಳ್ಳುವುದು ಕಷ್ಟ. ಅಪ್ಪ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಐದನೆಯ ದಿನ ನಾನೇ ಅವರ ಮುಂದೆ ಹೋಗಿ ನಿಂತೆ. ಓದಬೇಕು ಅಂತ ಇದೆ ಅಪ್ಪ ಎಂದೆ. ಧ್ವನಿ ಬಂತು. ಅವರು ಪೇಪರಿನಿಂದ ತಲೆ ಎತ್ತದೆ, "ಇನ್ನೊಂದು ವರ್ಷ ಯಾರೂ ಈ ಕಡೆ ತಲೆ ಹಾಕಲ್ಲ. ಅಲ್ಲೀತನಕ ಓದ್ಕೋ" ಎಂದರು. ಆ ಒಂದು ವರ್ಷ ಮೂರಾಯಿತು. ಕಾರ್ಯದರ್ಶಿಗಳು ಕೊಟ್ಟ ಸರ್ಟಿಫಿಕೇಟಿನಲ್ಲಿ, ಲೇಖನ ಕಾರ್ಯ ಉತ್ತಮ, ಪ್ರಕಟಣಾ ಕಾರ್ಯದಲ್ಲಿ ಸಂಯಮ ಅಗತ್ಯ ಎಂದಿತ್ತು.

ಕಾಲೇಜಿಗೆ ಸೇರಿದ ಸುದ್ದಿ ಹೇಳಲು ಮಂಡಿ ಮೊಹಲ್ಲಾದ ಅವರ ಮನೆಗೆ ಹೋದೆ. ಕೆಲಸದ ಹೊತ್ತು, ಆದರೂ ಮಾದಪ್ಪನವರು ಮನೆಯಲ್ಲೇ ಇದ್ದರು. ಹೆಂಡತಿ ಸಿದ್ದಮ್ಮನವರ ಪಕ್ಕದಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿಸಿ, ಗಂಟಲ ಮೇಲೆ ಕೈಯಿಟ್ಟು, ಕೇಳಿಸಿಯೂ ಕೇಳಿಸದ ಹಾಗೆ ಪಿಸುಗುಟ್ಟಿದರು. "ಮೇಳ್ದಲ್ಲಿ ಕೂಗಿ ಕೂಗಿ ಗಂಟ್ಲು ಓಯ್ತು ಕಣವ್ವ. ಇದ್ಕಾದ್ರೆ ಕೂಗ್ಬೇಕಾಗಿಲ್ಲ." ಮನೆಗೆ ಬಂದು ಅಮ್ಮನಿಂದ ಮೆಣಸು, ಜೇಷ್ಠಮಧು, ಆಡುಸೋಗೆ ಹಾಕಿಸಿ ಕಷಾಯ ಮಾಡಿಸಿ ಒಯ್ದೆ. ಓದುವ ಮೂರು ವರ್ಷವೂ ರಜೆ ಸಿಕ್ಕಾಗಲೆಲ್ಲ ಒಂದು ತಂಬಿಗೆ ಕಷಾಯ ಒಯ್ದು, ಅವರು ಪೂರ್ತಿ ಕುಡಿಯುವ ತನಕ ಎದುರಿಗೆ ಕೂತಿರುತ್ತಿದ್ದೆ. ಅವರು ಮುಖ ಕಿವಿಚಿಕೊಂಡು ಕುಡಿದು, ವಾಸಿ ಎಂದು ಸನ್ನೆ ಮಾಡುವರು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಮಾತ್ರ ಎರಡೂ ಕೈ ಆಡಿಸಿಬಿಡುತ್ತಿದ್ದರು. ಮೊದಲ ಮೇಳದ ಮಾರನೆಯ ವರ್ಷ ಮಾದಪ್ಪನವರ ಜಾಗದಲ್ಲಿ ನಿಂತ ಬೇರೆ ಯಾರೋ, ನನ್ನಂಥವರು ಬರೆದ ಚೀಟಿಗಳನ್ನು ಹಾಗೆಯೇ ಓದಿದರು. ಜನ ಬಂದರು, ಹೋದರು.

ಬಿ.ಎ. ಪಾಸಾದ ದಿನ ಸಿಹಿ ಮತ್ತು ಕಷಾಯ ಎರಡನ್ನೂ ಒಯ್ದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಏನೋ ಪಿಸುಗುಟ್ಟಿದರು, ನನಗೆ ಸರಿಯಾಗಿ ಕೇಳಿಸಲಿಲ್ಲ. ಹೊರಟು ಬೀದಿಯ ತಿರುವಿನ ತನಕ ಹೋದ ಮೇಲೆ ತಂಬಿಗೆ ಮರೆತದ್ದು ನೆನಪಾಗಿ ಹಿಂದಿರುಗಿದೆ. ಬಾಗಿಲಿಗೆ ಇನ್ನೂ ಹತ್ತು ಹೆಜ್ಜೆ ಇತ್ತು. ಒಳಗಿನಿಂದ ಗೋಡೆ ಅದುರುವಂಥ ಧ್ವನಿ ಬಂತು. "ಏ ಇವ್ಳೇ, ಬೇಗ ಒಂದ್ ಚೂರ್ ಬೆಲ್ಲ ತತ್ತಾ. ಬಾಯೆಲ್ಲ ಬೇವಿನ ಮರ ಆಗೋಯ್ತು."

ನಿಂತಲ್ಲೇ ನಿಂತೆ. ಸಿದ್ದಮ್ಮನವರು ತಂಬಿಗೆ ಹಿಡಿದು ಹೊರಗೆ ಬಂದವರು ನನ್ನ ಮುಖ ನೋಡಿದರು. ಬಾಗಿಲು ಎಳೆದುಕೊಂಡು, ನನ್ನ ರಟ್ಟೆ ಹಿಡಿದು ಗೋಡೆಯ ಮಗ್ಗುಲಿಗೆ ಕರೆದರು.

"ಗಂಟ್ಲಿಗೇನೂ ಆಗಿಲ್ಲ ಕಣವ್ವ. ಆ ರಾಟೆ ಅತ್ಸಿದ್ರಲ್ಲ, ಅದ್ರ ಮಾರ್ನೆ ದಿನ್ವೇ ಸಾವ್ಕಾರ್ರು ಇನ್ಮೇಲೆ ಮಂಡಿಗೆ ಬರ್ಬ್ಯಾಡ ಅಂದ್ಬುಟ್ರು. ಅವರೊಬ್ರು ಅಂದ್ರೆ ಮಂಡಿಯೋರೆಲ್ಲ ಅಂದಂಗೇ. ಮದ್ಲೇ ಗೊತ್ತಿತ್ತು ಇವರ್ಗೆ. ಆ ಉಡುಗಿಗೆ ತಿಳಿದ್ರೆ ಓದು ಬುಟ್ಟು ಸಾವ್ಕಾರ್ರ ಕಾಲಿಗೆ ಬೀಳಕ್ಕೋಗ್ತದೆ ಅಂತ ಈ ನಾಟಕ. ನೀನು ಬೀದೀಲಿ ಕಂಡ್ರೆ ಸಾಕು, ಮಾತು ನಿಲ್ಲುಸ್ಬುಡ್ತಾರೆ."

ಮಂಡಿಯ ಕೆಲಸ ಹೋಗುತ್ತದೆಂದು ತಿಳಿದೇ ಆ ಮನುಷ್ಯ ಅಂದು ಕೋಟು ಕೊಡವಿಕೊಂಡು ಎದ್ದಿದ್ದರು. ನಾನು ಅದನ್ನು ಒಂದು ಸಲವೂ ಯೋಚಿಸಿರಲಿಲ್ಲ. ಸಾಹುಕಾರರು ಇವನೇ ಹತ್ತಿಸಿದ್ದು ಎಂದು ನನ್ನೆದುರೇ ಹೇಳಿದ್ದರು, ಆದರೂ ನನ್ನ ಸಂತೋಷದಲ್ಲಿ ನನಗೆ ಬೇರೇನೂ ಕಂಡಿರಲಿಲ್ಲ. ಇವತ್ತಿಗೂ ಅದಕ್ಕೆ ನನಗೆ ನಾಚಿಕೆಯಾಗುತ್ತದೆ. ನನಗೆ ಗೊತ್ತಾಯಿತೆಂದು ಅವರಿಗೆ ಹೇಳಬೇಡಿ ಎಂದು ಸಿದ್ದಮ್ಮನವರ ಕೈ ಹಿಡಿದು ಕೇಳಿಕೊಂಡೆ.

ಆಮೇಲೆ ನನಗೆ ಹುಡುಗಿಯರ ಹೈಸ್ಕೂಲಿನಲ್ಲಿ ಕೆಲಸವಾಯಿತು. ದಿನವಿಡೀ ಗಂಟಲು ಹರಿದುಕೊಳ್ಳುವ ಕೆಲಸ. ಬಿಡುವಾದಾಗಲೆಲ್ಲ ಮಂಡಿ ಮೊಹಲ್ಲಾಕ್ಕೆ ಹೋದೆ, ಕಷಾಯವನ್ನೂ ಒಯ್ದೆ. ಬೇಕೆಂದೇ ಮೆಣಸು ಸ್ವಲ್ಪ ಹೆಚ್ಚು ಹಾಕಿಸುತ್ತಿದ್ದೆ. ಅವರು ಪಿಸುಗುಟ್ಟಿದರು, ನಾನು ಬಗ್ಗಿ ಕೇಳಿಸಿಕೊಂಡೆ. ಇಬ್ಬರೂ ಮಂಡಿಯ ಮಾತೆತ್ತಲಿಲ್ಲ. ಆಮೇಲೆ ಹೊರಟವಳ ಹಾಗೆ ಹೊರಟು, ಗೋಡೆಯ ಮಗ್ಗುಲಲ್ಲಿ ನಿಂತುಬಿಡುತ್ತಿದ್ದೆ. ಎರಡು ನಿಮಿಷಕ್ಕೆ ಸರಿಯಾಗಿ ಒಳಗೆ ಶುರುವಾಗುತ್ತಿತ್ತು. ಕಷಾಯಕ್ಕೆ, ಮೆಣಸಿಗೆ, ಅದನ್ನು ಕಾಸಿದವರಿಗೆ, ತಂದವಳಿಗೆ ಬೈಗುಳ, ನಡುವೆ ನಡುವೆ ನನ್ನ ಓದಿಗೂ ನೌಕರಿಗೂ ಹೊಗಳಿಕೆ, ಎಲ್ಲ ಆ ಹಳೆಯ ಗಂಟಲಿನಲ್ಲಿ. ದಾರಿಹೋಕರು ನಿಂತು ಕೇಳುತ್ತಿದ್ದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ. ಹೀಗೆ ನಾಲ್ಕು ವರ್ಷ ನಡೆಯಿತು.

ಕೊನೆಯ ಸಲ ಹೋದಾಗ ಅವರು ಹಾಸಿಗೆಯ ಮೇಲಿದ್ದರು. ಮೈ ಇನ್ನಷ್ಟು ಪೀಚಾಗಿತ್ತು. ಪಿಸುಗುಟ್ಟಿದರು, ನಾನು ಬಗ್ಗಿದೆ. ಮಕ್ಕಳು ನಿನ್ನ ಪಾಠ ಕೇಳುತ್ತಾರಾ, ಕೊನೆಯ ಬೆಂಚಿನವರು ತಲೆ ಎತ್ತುತ್ತಾರಾ ಎಂದು ಕೇಳುತ್ತಿದ್ದರು. ಎತ್ತುತ್ತಾರೆ ಎಂದೆ. ಎರಡು ಗುಟುಕು ಕಷಾಯ ಕುಡಿದು, ಎಂದಿನಂತೆ ವಾಸಿ ಎಂದು ಸನ್ನೆ ಮಾಡಿದರು. ಹೊರಟೆ. ಗೋಡೆಯ ಮಗ್ಗುಲಿಗೆ ಬಂದು ನಿಂತೆ. ಎರಡು ನಿಮಿಷ ಕಳೆಯಿತು, ಐದು ಕಳೆಯಿತು. ಬೀದಿಯಲ್ಲಿ ಹೊತ್ತು ಇಳಿಯುವ ತನಕ ನಿಂತಿದ್ದೆ. ಒಳಗಿನಿಂದ ಏನೂ ಕೇಳಿಸಲಿಲ್ಲ.